ಪದ ಹಾಡಿದವನಿಗೆ ಐದು ವರ್ಷ: ಕಿರ್ಗಿಸ್ತಾನದಲ್ಲಿ ಒಂದು ವಾರ

ಸೋಮವಾರ, ಬಿಷ್ಕೆಕ್

ದೆಹಲಿಯಿಂದ ಬಿಷ್ಕೆಕ್‌ಗೆ ಹೊರಟ ವಿಮಾನದಲ್ಲಿ ಮುಕ್ಕಾಲು ಪಾಲು ಎಂಬಿಬಿಎಸ್ ಓದುವ ಹುಡುಗ ಹುಡುಗಿಯರೇ. ಚೆಕ್-ಇನ್ ಸಾಲಿನಲ್ಲಿ ಅವರ ಬ್ಯಾಗುಗಳಿಂದ ಉಪ್ಪಿನಕಾಯಿ, ಚಟ್ನಿಪುಡಿಯ ವಾಸನೆ. ನಾನು ಹೊರಟ ಕೆಲಸ ಬೇರೆ. ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬಹಳ ಕಾಲ ವಿದೇಶ ಪುಟ ಕಟ್ಟಿದವನು ನಾನು. ಮಧ್ಯ ಏಷ್ಯಾದ ಸುದ್ದಿ ಬಂದರೆ ಜಾಹೀರಾತಿನ ಪಕ್ಕದ ಸಿಂಗಲ್ ಕಾಲಂಗೆ ತುಂಬುತ್ತಿದ್ದೆವು. ಕಿರ್ಗಿಸ್ತಾನ ಮಾತ್ರ ಆಗಾಗ ಮೇಲೆ ಹತ್ತುತ್ತಿತ್ತು. 2005, 2010, 2020, ಮೂರು ಸಲ ಅಲ್ಲಿಯ ಜನ ಬೀದಿಗಿಳಿದು ಮೂವರು ಅಧ್ಯಕ್ಷರನ್ನು ಕುರ್ಚಿ ಬಿಡಿಸಿದ್ದರು. ಸುತ್ತಲಿನ ದೇಶಗಳಲ್ಲಿ ಕೆಮ್ಮುವುದಕ್ಕೂ ಅಪ್ಪಣೆ ಬೇಕಾದಾಗ ಅಲ್ಲಿಯ ಪತ್ರಿಕೆಗಳು ಸರ್ಕಾರವನ್ನು ಹೆಸರು ಹಿಡಿದು ಬೈಯುತ್ತಿದ್ದವು.

‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯ ಪಟ್ಟಿಯಲ್ಲಿ 2022ರಲ್ಲಿ ಕಿರ್ಗಿಸ್ತಾನಕ್ಕೆ 72ನೇ ಸ್ಥಾನ. ಮರುವರ್ಷ 122. ಒಂದೇ ವರ್ಷದಲ್ಲಿ ಐವತ್ತು ಮೆಟ್ಟಿಲು ಉರುಳಿದ ದೇಶ ಹೇಗಿರುತ್ತದೆ ಎಂದು ನೋಡುವ ಆಸೆಯಿಂದ 2024ರ ಸೆಪ್ಟೆಂಬರಿನಲ್ಲಿ ಟಿಕೆಟ್ ತೆಗೆಸಿದೆ. ಅವರನ್ನು ನೋಡಿ ಅಯ್ಯೋ ಅನ್ನುವ ಮೊದಲು ಇದೂ ಗೊತ್ತಿರಲಿ: ಆ ವರ್ಷದ ಪಟ್ಟಿಯಲ್ಲಿ ಅವರು 120, ನಾವು 159.

ಮನಾಸ್ ವಿಮಾನ ನಿಲ್ದಾಣದಿಂದ ಊರಿಗೆ ಬರುವಾಗ ಎಲ್ಲೆಲ್ಲೂ ಹೊಸ ಬಾವುಟ. ಹಳೆಯ ಬಾವುಟದಲ್ಲಿ ಸೂರ್ಯನ ಕಿರಣಗಳು ಅಲೆಅಲೆಯಾಗಿದ್ದವು. ಅದು ಸೂರ್ಯಕಾಂತಿ ಹೂವಿನಂತೆ ಕಾಣುತ್ತದೆ, ಸೂರ್ಯಕಾಂತಿ ಅಂದರೆ ಯಾರತ್ತಲೋ ಮುಖ ತಿರುಗಿಸುವ ಗುಣ, ನಮಗೆ ಅದು ಬೇಡ ಎಂದು 2023ರ ಡಿಸೆಂಬರಿನಲ್ಲಿ ಕಿರಣಗಳನ್ನು ನೆಟ್ಟಗೆ ಮಾಡಿದರು. ಇದು ಯಾಕೆ ಬೇಕಿತ್ತು ಎಂದು ಎದ್ದು ಕೇಳಿದ ಅಫ್ತಾಂದಿಲ್ ಜೊರೊಬೆಕೊವ್ ಎಂಬ ಕಾರ್ಯಕರ್ತ ಜೈಲು ಸೇರಿದರು.

ರಾತ್ರಿ ಗೆಸ್ಟ್‌ಹೌಸಿನ ಯಜಮಾನಿಯ ಜೊತೆ ಕೂತು ಸರ್ಕಾರಿ ವಾಹಿನಿ ಕೆಟಿಆರ್‌ಕೆಯ ‘ಅಲಾ-ತೂ’ ವಾರ್ತೆ ನೋಡಿದೆ. ಭಾಷೆ ತಿಳಿಯದಿದ್ದರೂ ತೊಂದರೆಯಾಗಲಿಲ್ಲ. ಅಧ್ಯಕ್ಷ ಸದಿರ್ ಜಪಾರೊವ್ ಯಾರನ್ನೋ ಬರಮಾಡಿಕೊಂಡರು. ಮಂತ್ರಿಯೊಬ್ಬರು ಟೇಪು ಕತ್ತರಿಸಿದರು. ಹೊಸ ಶಾಲೆ, ಹೊಸ ರಸ್ತೆ, ಗೋಧಿ ಕೊಯ್ಲು. ನಮ್ಮ ವಾರ್ತಾ ಇಲಾಖೆಯ ಪ್ರೆಸ್ ನೋಟ್‌ಗಳನ್ನು ಮೂವತ್ತು ವರ್ಷ ತಿದ್ದಿದವನಿಗೆ ಆ ಲಯ ಬಾಯಿಪಾಠ. ತೋರಿಸಿದ್ದರಲ್ಲಿ ಯಾವುದೂ ಸುಳ್ಳಿರಲಿಕ್ಕಿಲ್ಲ. ರಸ್ತೆ ಆಗಿರುತ್ತದೆ, ಶಾಲೆಯೂ ಆಗಿರುತ್ತದೆ. ಎಷ್ಟಕ್ಕೆ ಆಯಿತು, ಗುತ್ತಿಗೆ ಯಾರಿಗೆ ಹೋಯಿತು ಎಂಬ ಎರಡು ಸಾಲು ಮಾತ್ರ ಇರಲಿಲ್ಲ. ಯಜಮಾನಿ ವಾರ್ತೆ ಮುಗಿಯುವವರೆಗೂ ಕಾಲುಚೀಲ ಹೆಣೆಯುತ್ತ ಕೂತಿದ್ದು, ಹವಾಮಾನ ಬಂದಾಗ ತಲೆ ಎತ್ತಿದರು.

ಮಂಗಳವಾರ, ಬಿಷ್ಕೆಕ್

ಚುಯ್ ಅವೆನ್ಯೂದಲ್ಲಿ ನಡೆದರೆ ಈ ದೇಶದ ಇತ್ತೀಚಿನ ಚರಿತ್ರೆ ಒಂದು ಮೈಲಿಯೊಳಗೆ ಸಿಗುತ್ತದೆ. ಅಲಾ-ತೂ ಚೌಕ, ಕುದುರೆ ಮೇಲೆ ಕೂತ ಅವರ ಮಹಾಕಾವ್ಯದ ನಾಯಕ ಮನಾಸನ ಪ್ರತಿಮೆ, ಪಕ್ಕದಲ್ಲಿ ಅಮೃತಶಿಲೆಯ ಸರ್ಕಾರಿ ಭವನ ‘ಬಿಳಿಮನೆ’. 2010ರ ಏಪ್ರಿಲ್ 7ರಂದು ಇದರ ಕಬ್ಬಿಣದ ಬೇಲಿಯ ಮುಂದೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಂಡಿಗೆ ಸತ್ತರು. ಅದೇ ದಿನ ಜನ ನುಗ್ಗಿದ ಇನ್ನೊಂದು ಕಟ್ಟಡ ಸರ್ಕಾರಿ ಟಿವಿಯದು. ಟ್ಯಾಕ್ಸಿ ಹಿಡಿದು ಜಶ್ ಗ್ವಾರ್ದಿಯಾ ಬುಲೆವಾರ್ಡಿಗೆ ಹೋಗಿ ಅದನ್ನೂ ನೋಡಿಬಂದೆ. ಸೋವಿಯತ್ ಕಾಲದ ಬೂದು ಕಟ್ಟಡ, ಗೇಟಿನಲ್ಲಿ ಕಾವಲು, ಫೋಟೊ ತೆಗೆಯಲು ಬಿಡಲಿಲ್ಲ.

ಆ ದಂಗೆಯಾದ ಮೇಲೆ ಸರ್ಕಾರಿ ಟಿವಿಯನ್ನು ಸರ್ಕಾರದ ಕೈಯಿಂದ ಬಿಡಿಸಿ ‘ಸಾರ್ವಜನಿಕ’ ಪ್ರಸಾರ ಸಂಸ್ಥೆ ಮಾಡಿದರು. ಮೇಲೊಂದು ಉಸ್ತುವಾರಿ ಮಂಡಳಿ ಬಂತು. ಅದು ಬಿಬಿಸಿಯೇನೂ ಆಗಲಿಲ್ಲ, ಆದರೂ ಚರ್ಚೆಗಳಲ್ಲಿ ವಿರೋಧ ಪಕ್ಷದವರ ಮುಖ ಕಾಣುತ್ತಿತ್ತು. 2022ರಲ್ಲಿ ಜಪಾರೊವ್ ಅದನ್ನು ಮತ್ತೆ ‘ರಾಷ್ಟ್ರೀಯ’ ಮಾಡಿದರು. ಹನ್ನೆರಡು ವರ್ಷದ ಪ್ರಯೋಗ ಅಲ್ಲಿಗೆ ಮುಗಿಯಿತು.

ಸಂಜೆ ಎರ್ಕಿಂದಿಕ್ ಬುಲೆವಾರ್ಡಿನ ಮರಗಳ ಕೆಳಗಿನ ಕೆಫೆಯಲ್ಲಿ ಒಬ್ಬ ವರದಿಗಾರ್ತಿ ಸಿಕ್ಕರು. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಮೂವತ್ತರ ಆಸುಪಾಸು. ವಯಸ್ಸಿನಲ್ಲಿ ದೊಡ್ಡವನೆಂದು ನನ್ನನ್ನು ‘ಬೈಕೆ’ ಎಂದೇ ಕರೆದರು, ನಾವು ಅಣ್ಣ ಅನ್ನುವ ಹಾಗೆ. ಪತ್ರಿಕೋದ್ಯಮ ಕಲಿತದ್ದು ಹೈಸ್ಕೂಲಿನಲ್ಲಿದ್ದಾಗ, ‘ಕ್ಲೂಪ್’ ನಡೆಸುತ್ತಿದ್ದ ತರಬೇತಿಯಲ್ಲಿ. ಬೆಕ್ತೂರ್ ಇಸ್ಕಂದೆರ್ ಮತ್ತು ರಿನಾತ್ ತುಖ್ವತ್‌ಶಿನ್ 2007ರಲ್ಲಿ ಕಟ್ಟಿದ ತಾಣ ಅದು. ಹದಿಹರೆಯದವರ ಕೈಗೆ ಕ್ಯಾಮೆರಾ ಕೊಟ್ಟು ಮತಗಟ್ಟೆಗೆ, ಪಾಲಿಕೆಗೆ, ನ್ಯಾಯಾಲಯಕ್ಕೆ ಅಟ್ಟುತ್ತಿತ್ತು.

ಅವರು ಹೆಚ್ಚು ಹೊತ್ತು ಹೇಳಿದ್ದು 2019ರ ಕಥೆ. ಕ್ಲೂಪ್, ಅಂತರರಾಷ್ಟ್ರೀಯ ತನಿಖಾ ಜಾಲ ಒಸಿಸಿಆರ್‌ಪಿ, ಮತ್ತು ‘ಅಜತ್ತಿಕ್’ ಎಂದು ಮನೆಮಾತಾದ ರೇಡಿಯೊ ಲಿಬರ್ಟಿಯ ಕಿರ್ಗಿಜ್ ವಿಭಾಗ, ಮೂವರೂ ಕೂಡಿ ಆ ನವೆಂಬರಿನಲ್ಲಿ ಒಂದು ತನಿಖೆ ಹೊರತಂದರು. ಐಎರ್ಕೆನ್ ಸೈಮೈತಿ ಎಂಬ ವ್ಯಾಪಾರಿ, ತಾನೇ ಕಳ್ಳಹಣ ಸಾಗಿಸಿದ್ದಾಗಿ ಒಪ್ಪಿಕೊಂಡು, ದಾಖಲೆಗಳನ್ನು ವರದಿಗಾರರಿಗೆ ಕೊಟ್ಟಿದ್ದ. ಸುಮಾರು 70 ಕೋಟಿ ಡಾಲರ್ ದೇಶದಿಂದ ಹೊರಹೋಗಿತ್ತು. ಕಥೆಯ ನಡುವೆ ಇದ್ದ ಹೆಸರು ಕಸ್ಟಮ್ಸ್ ಇಲಾಖೆಯ ಮಾಜಿ ಉಪ ಮುಖ್ಯಸ್ಥ ರೈಮ್‌ಬೆಕ್ ಮತ್ರೈಮೊವ್ ಅವರದು. ವರದಿ ಹೊರಬರುವ ಮೊದಲೇ, ನವೆಂಬರ್ 10ರಂದು, ಸೈಮೈತಿಯನ್ನು ಇಸ್ತಾಂಬುಲ್‌ನಲ್ಲಿ ಗುಂಡಿಟ್ಟು ಕೊಂದರು.

ಅದರ ಬೆನ್ನಿಗೇ ‘ಫ್ಯಾಕ್ಟ್‌ಚೆಕ್’ ತಾಣದ ಬೊಲೊತ್ ತೆಮಿರೊವ್ ಮತ್ರೈಮೊವ್ ಹೆಂಡತಿಯ ಇನ್‌ಸ್ಟಾಗ್ರಾಮ್ ಫೋಟೊಗಳನ್ನು ಮುಂದಿಟ್ಟುಕೊಂಡು, ಯಾವ ಉಡುಪು, ಯಾವ ಕೈಚೀಲ, ಯಾವ ಆಭರಣ, ಎಷ್ಟು ಬೆಲೆ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಇಂಥ ಲೆಕ್ಕ ಅರ್ಥವಾಗಲು ಯಾರಿಗೂ ಡಿಗ್ರಿ ಬೇಕಿಲ್ಲ. 2020ರ ಜನವರಿಯಲ್ಲಿ ಕಚೇರಿಯ ಹತ್ತಿರವೇ ತೆಮಿರೊವ್ ಅವರನ್ನು ಹೊಡೆದು ಫೋನು ಕಿತ್ತುಕೊಂಡು ಹೋದರು.

“ಆಗ ಚೌಕಕ್ಕೆ ಜನ ಬಂದರು ಬೈಕೆ. ನಮ್ಮ ವರದಿ ಓದಿ ಬಂದರು. ಆ ಸುಖ ಮತ್ತೆ ಸಿಗಲಿಲ್ಲ,” ಎಂದರು ಆಕೆ.

2020ರ ಅಕ್ಟೋಬರಿನ ಗದ್ದಲದಲ್ಲಿ ಜೈಲಿನಿಂದ ಹೊರಬಂದ ಜಪಾರೊವ್ ಕೆಲವೇ ದಿನಗಳಲ್ಲಿ ಪ್ರಧಾನಿಯಾದರು, 2021ರ ಜನವರಿಯಲ್ಲಿ ಚುನಾವಣೆ ಗೆದ್ದು ಅಧ್ಯಕ್ಷರಾದರು. ಮತ್ರೈಮೊವ್ 200 ಕೋಟಿ ಸೊಮ್ (ಅಲ್ಲಿಯ ಹಣ) ಕಟ್ಟಿ, ಮೇಲೊಂದಿಷ್ಟು ದಂಡ ತೆತ್ತು ಆಗ ಪಾರಾದರು. ಆಮೇಲೆ ಬಂದವು ಕಾನೂನುಗಳು. 2021ರಲ್ಲಿ ಸುಳ್ಳು ಸುದ್ದಿ ತಡೆ ಕಾನೂನು: ಒಬ್ಬ ಅಧಿಕಾರಿಗೆ ವರದಿ ಸುಳ್ಳೆನಿಸಿದರೆ ಸಾಕು, ಕೋರ್ಟಿಗೂ ಹೋಗದೆ ತಾಣ ಮುಚ್ಚಿಸಬಹುದು. 2024ರ ಏಪ್ರಿಲ್‌ನಲ್ಲಿ ವಿದೇಶಿ ಹಣ ಪಡೆಯುವ ಸಂಸ್ಥೆಗಳ ಮೇಲೆ ‘ವಿದೇಶಿ ಪ್ರತಿನಿಧಿ’ ಕಾನೂನು. ನಮ್ಮ ವಿದೇಶಿ ದೇಣಿಗೆ ಕಾಯ್ದೆಯ ಕಾಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕೆಗೆ ಇವೆಲ್ಲಕ್ಕಿಂತ ಹೆಚ್ಚು ನೋವಾದದ್ದು 2022ರ ಖರೀದಿ ಕಾನೂನಿನಿಂದ. ಸರ್ಕಾರಿ ಕಂಪನಿಗಳು ಟೆಂಡರ್ ಇಲ್ಲದೆ ಕೊಳ್ಳಬಹುದು ಎಂದಾಯಿತು. “ನಮ್ಮ ಅರ್ಧ ಸುದ್ದಿ ಟೆಂಡರ್ ಪೋರ್ಟಲ್‌ನಲ್ಲೇ ಹುಟ್ಟುತ್ತಿತ್ತು. ಬಾವಿಗೇ ಮುಚ್ಚಳ ಹಾಕಿದರು.”

ಈಗ ಏನು ಕೆಲಸ ಎಂದು ಕೇಳಿದೆ. ಸೋಪಿನ ಕಂಪನಿಯೊಂದಕ್ಕೆ ಜಾಹೀರಾತು ಬರೆಯುತ್ತಿದ್ದಾರೆ.

ಬುಧವಾರ, ಬಿಷ್ಕೆಕ್

ಲೆನಿನ್ ಜಿಲ್ಲಾ ನ್ಯಾಯಾಲಯದ ಹೊರಗೆ ಸ್ವಲ್ಪ ಹೊತ್ತು ನಿಂತೆ. ಒಳಗೆ ‘ತೆಮಿರೊವ್ ಲೈವ್’ ಮೊಕದ್ದಮೆ ನಡೆಯುತ್ತಿದ್ದ ಕಾಲ ಅದು.

2022ರ ಜನವರಿಯಲ್ಲಿ ಬೊಲೊತ್ ತೆಮಿರೊವ್ ತಮ್ಮ ಯೂಟ್ಯೂಬ್ ವಾಹಿನಿಯಲ್ಲಿ ಸರ್ಕಾರಿ ತೈಲ ಘಟಕದ ಇಂಧನ ರಫ್ತಿನ ಬಗ್ಗೆ ವರದಿ ಹಾಕಿದರು. ಅದರಲ್ಲಿ ರಾಷ್ಟ್ರೀಯ ಭದ್ರತಾ ಸಮಿತಿಯ ಆಗಿನ ಅಧ್ಯಕ್ಷ ಕಮ್ಚಿಬೆಕ್ ತಾಶಿಯೆವ್ ಅವರ ನೆಂಟರ ಹೆಸರಿತ್ತು. ಕೆಲವೇ ದಿನಗಳಲ್ಲಿ, ಜನವರಿ 22ರಂದು, ಪೊಲೀಸರು ಕಚೇರಿಗೆ ನುಗ್ಗಿದರು. ಜೇಬಿನಲ್ಲಿ ಮಾದಕ ವಸ್ತು ‘ಸಿಕ್ಕಿತು’. ನ್ಯಾಯಾಲಯ ಸೆಪ್ಟೆಂಬರಿನಲ್ಲಿ ಆ ಆರೋಪದಿಂದ ಬಿಟ್ಟಿತು. ಮೇಲ್ಮನವಿ ನ್ಯಾಯಾಲಯ ನವೆಂಬರ್ 23ರಂದು ದಾಖಲೆ ಪತ್ರದ ನೆಪ ಹಿಡಿದು ಗಡೀಪಾರು ಮಾಡಿತು. ಕೋರ್ಟಿನಿಂದಲೇ ಎತ್ತಿಕೊಂಡು ಹೋಗಿ ಮಾಸ್ಕೋ ವಿಮಾನ ಹತ್ತಿಸಿದರು. ಕೈಚೀಲಕ್ಕೂ ಮನೆಗೆ ಕಳಿಸಲಿಲ್ಲ.

ಈ ವಾಹಿನಿಯ ಒಂದು ಚಮತ್ಕಾರ ನನ್ನನ್ನು ಬಿಷ್ಕೆಕ್‌ವರೆಗೆ ಎಳೆದು ತಂದಿತ್ತು. ಕಿರ್ಗಿಜ್ ಹಳ್ಳಿಗಳಲ್ಲಿ ಮೂರು ತಂತಿಯ ಕೊಮುಜ್ ಮೀಟುತ್ತ ನಿಂತ ನಿಲುವಿನಲ್ಲೇ ಪದ ಕಟ್ಟುವವರಿದ್ದಾರೆ, ಅಕಿನ್ ಎಂದು ಕರೆಯುತ್ತಾರೆ. ಇಬ್ಬರು ಅಕಿನರು ಎದುರುಬದುರು ಕೂತು ಸವಾಲ್ ಜವಾಬು ಹಾಡಿದರೆ ಅದು ಐತಿಶ್. ನಮ್ಮ ಹರದೇಶಿ ನಾಗೇಶಿ ಮೇಳಗಳ ವಾದ ಕೇಳಿ ಬೆಳೆದವನಿಗೆ ಹೆಚ್ಚೇನೂ ಹೇಳಬೇಕಿಲ್ಲ. ತೆಮಿರೊವ್ ಬಳಗ ತನಿಖಾ ವರದಿಗಳನ್ನು ಅಕಿನರ ಕೈಗೆ ಕೊಟ್ಟಿತು. ಕಂಪನಿಯ ಹೆಸರು, ಷೇರುದಾರರು, ಲಾರಿಗಳ ಲೆಕ್ಕ ಎಲ್ಲ ಪ್ರಾಸಕ್ಕೆ ಬಂದವು. ರಷ್ಯನ್ ಭಾಷೆಯ ಇಪ್ಪತ್ತು ಪುಟದ ವರದಿ ಓದದ ಕುರುಬ ಇದನ್ನು ಕುದುರೆ ಮೇಲೆ ಕೂತು ಕೇಳಿದ. ಮಾಹಿತಿ ರಾಜಧಾನಿಯ ವಿದ್ಯಾವಂತರ ನಡುವೆ ಓಡಾಡಿಕೊಂಡಿದ್ದರೆ ಯಾವ ಸರ್ಕಾರಕ್ಕೂ ಅಂಥ ಚಿಂತೆಯಿಲ್ಲ. ಅದು ಪದವಾಗಿ ಬೆಟ್ಟ ಹತ್ತಿದಾಗ ನಿದ್ದೆಗೆಡುತ್ತದೆ. ನನ್ನ ಎಣಿಕೆಯಲ್ಲಿ ಇವರ ಮೇಲೆ ಬಿದ್ದ ಸಿಟ್ಟಿಗೆ ಅರ್ಧ ಕಾರಣ ಕೊಮುಜ್.

2024ರ ಜನವರಿ 16ರಂದು ಒಂದೇ ಬೆಳಗ್ಗೆ ವಾಹಿನಿಯ ಹನ್ನೊಂದು ಮಂದಿಯನ್ನು ಹಿಡಿದರು, ಹಳಬರು ಹೊಸಬರು ಎಲ್ಲ ಸೇರಿ. ಆರೋಪ: ಗಲಭೆಗೆ ಪ್ರಚೋದನೆ. ಬೊಲೊತ್ ಅವರ ಹೆಂಡತಿ, ವಾಹಿನಿಯ ನಿರ್ದೇಶಕಿ ಮಖಾಬತ್ ತಜಿಬೆಕ್ ಕಿಜಿ ಅವರಲ್ಲೊಬ್ಬರು. ಅಕಿನ್ ಅಜಮತ್ ಇಶೆನ್‌ಬೆಕೊವ್ ಇನ್ನೊಬ್ಬರು. ನಾನು ಊರಿಗೆ ಮರಳಿದ ಮೇಲೆ, ಅಕ್ಟೋಬರ್ 10ರಂದು, ತೀರ್ಪು ಬಂತು. ಮಖಾಬತ್ ಅವರಿಗೆ ಆರು ವರ್ಷ, ಅಜಮತ್ ಅವರಿಗೆ ಐದು ವರ್ಷ. ಇಬ್ಬರನ್ನು ನಿಗಾದಲ್ಲಿಟ್ಟು ಮನೆಗೆ ಕಳಿಸಿದರು, ಏಳು ಮಂದಿ ಖುಲಾಸೆಯಾದರು. ಅಜಮತ್ ಅವರಿಗೆ 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು.

ಮಧ್ಯಾಹ್ನ ಬೀದಿಬದಿಯಲ್ಲಿ ‘ಶೋರೊ’ ಕಂಪನಿಯ ಪೀಪಾಯಿಯಿಂದ ಒಂದು ಲೋಟ ಮಕ್ಸಿಮ್ ಕುಡಿದೆ. ಹುರಿದ ಧಾನ್ಯ ಹುದುಗಿಸಿ ಮಾಡಿದ ಹುಳಿ ಪೇಯ. ಎರಡನೇ ಲೋಟ ಕೇಳಬೇಕು ಅನ್ನಿಸಲಿಲ್ಲ.

ಗುರುವಾರ, ಬಿಷ್ಕೆಕ್

ಕ್ಲೂಪ್ ತಾಣ ಆಗ ಇಲ್ಲಿ ವಿಪಿಎನ್ ಇಲ್ಲದೆ ತೆರೆಯುತ್ತಿರಲಿಲ್ಲ. ಟಿಕ್‌ಟಾಕ್ ಕೂಡ ಆ ವರ್ಷದ ಏಪ್ರಿಲ್‌ನಿಂದ ಬಂದ್ ಆಗಿತ್ತು. ಕ್ಲೂಪ್ ಬಂದ್ ಆಗಿದ್ದು 2023ರ ಸೆಪ್ಟೆಂಬರಿನಲ್ಲಿ, ಜೈಲಿನಲ್ಲಿದ್ದ ರಾಜಕಾರಣಿ ರವ್ಷನ್ ಜೀನ್‌ಬೆಕೊವ್ ಅವರಿಗೆ ಹಿಂಸೆ ಕೊಟ್ಟರೆಂಬ ವರದಿಯಿಂದ. ಅಷ್ಟರಲ್ಲಿ ಸರ್ಕಾರಿ ವಕೀಲರು ಸಂಸ್ಥೆಯನ್ನೇ ಮುಚ್ಚಿಸಲು ಕೋರ್ಟಿಗೆ ಹೋಗಿದ್ದರು. ಅವರ ಅರ್ಜಿಯ ತಕರಾರು ಓದಿ ನಾನು ಕನ್ನಡಕ ಒರೆಸಿಕೊಂಡೆ: ಇವರ ನೋಂದಣಿ ಪತ್ರದಲ್ಲಿ ಸುದ್ದಿ ಪ್ರಸಾರದ ಮಾತಿಲ್ಲ, ಇವರ ಬರಹಗಳು ಸರ್ಕಾರದ ನೀತಿಯನ್ನು ಕಟುವಾಗಿ ಟೀಕಿಸುತ್ತವೆ, ಹೆಚ್ಚಿನವು ನಕಾರಾತ್ಮಕ. ಇಂಥ ಸುದ್ದಿ ಜನರ ಮನಸ್ಸಿನ ಆರೋಗ್ಯ ಕೆಡಿಸಬಹುದೆಂದು ಹೇಳಲು ಮನೋವೈದ್ಯರನ್ನೂ ಕಟಕಟೆಗೆ ತಂದರು. 2024ರ ಫೆಬ್ರುವರಿ 9ರಂದು ಮುಚ್ಚುವ ಆದೇಶ, ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮುದ್ರೆ. ಬರೆಯುವುದನ್ನು ಮಾತ್ರ ಅವರು ಬಿಟ್ಟಿರಲಿಲ್ಲ.

ಅಜತ್ತಿಕ್ ಇನ್ನೊಂದು ದಾರಿ ಹಿಡಿಯಿತು. 2022ರ ಸೆಪ್ಟೆಂಬರಿನ ಕಿರ್ಗಿಜ್–ತಾಜಿಕ್ ಗಡಿ ಕಾದಾಟದ ಒಂದು ವಿಡಿಯೊ ತೆಗೆಯಬೇಕೆಂದು ಸರ್ಕಾರ ಹಟ ಹಿಡಿಯಿತು. ಒಲ್ಲೆ ಎಂದಾಗ ತಾಣ ಬಂದ್, ಬ್ಯಾಂಕ್ ಖಾತೆ ಬಂದ್, ಏಪ್ರಿಲ್‌ನಲ್ಲಿ ಕಚೇರಿಯನ್ನೇ ಮುಚ್ಚಲು ಆದೇಶ. ಕೊನೆಗೆ ವಿಡಿಯೊ ಇಳಿಸಿದರು, 2023ರ ಜುಲೈನಲ್ಲಿ ಆದೇಶ ರದ್ದಾಯಿತು. ಬಾಗಿದರಲ್ಲ ಎಂದು ಬಿಷ್ಕೆಕ್‌ನ ಕೆಲವರಿಗೆ ಮುನಿಸಿದೆ. ನನಗಿಲ್ಲ. ಒಂದು ವಿಡಿಯೊ ಬಿಟ್ಟುಕೊಟ್ಟು, ಹಳ್ಳಿಹಳ್ಳಿಗೂ ಕಿರ್ಗಿಜ್ ಭಾಷೆಯಲ್ಲಿ ತಲುಪುವ ಸುದ್ದಿಮನೆ ಉಳಿಸಿಕೊಂಡರು. ಜಾಹೀರಾತು ನಿಂತೀತೆಂದು ಶೀರ್ಷಿಕೆ ಮೆದು ಮಾಡಿದ ಎಷ್ಟೋ ರಾತ್ರಿಗಳು ನಮ್ಮ ಡೆಸ್ಕಿನಲ್ಲೂ ಇವೆ. ಅವರ ಮುಂದೆ ಇದ್ದದ್ದು ಜಾಹೀರಾತಿಗಿಂತ ದೊಡ್ಡ ಬೆದರಿಕೆ.

ಶುಕ್ರವಾರ, ಓಶ್ ದಾರಿ

ದಕ್ಷಿಣದ ಊರು ಓಶ್‌ಗೆ ಆರುನೂರು ಕಿಲೊಮೀಟರಿಗೂ ಹೆಚ್ಚು. ಹಂಚಿಕೆ ಟ್ಯಾಕ್ಸಿಯಲ್ಲಿ ಬೆಳಗಿನ ಜಾವ ಹೊರಟೆವು. ತೋ-ಅಶೂ ಸುರಂಗ ಮೂರು ಸಾವಿರ ಮೀಟರಿಗೂ ಮೇಲೆ. ದಾಟಿದರೆ ಸೂಸಮಿರ್ ಬಯಲು, ರಸ್ತೆಯಂಚಿಗೆ ಗುಡಾರ, ಬಾಟಲಿಯಲ್ಲಿ ಕುದುರೆ ಹಾಲಿನ ಕಿಮಿಜ್. ಚಾಲಕ ರೇಡಿಯೊ ಹಾಕಲಿಲ್ಲ. ಫೋನಿನಲ್ಲಿ ಯೂಟ್ಯೂಬ್ ಹಚ್ಚಿ, ಸಿಗ್ನಲ್ ಹೋದಾಗ ಬೈಯುತ್ತಿದ್ದ.

ಮಧ್ಯಾಹ್ನ ಟೊಕ್ತೊಗುಲ್ ಜಲಾಶಯ. ನೀಲಿ ನೀರು, ಬೋಳು ಗುಡ್ಡ. ಈ ಹೆಸರು ಒಬ್ಬ ಅಕಿನನದು, ಟೊಕ್ತೊಗುಲ್ ಸತಿಲ್ಗಾನೊವ್, 1864ರಲ್ಲಿ ಹುಟ್ಟಿದವನು. ಇಲ್ಲಿಯ ಐವರು ಜಮೀನ್ದಾರ ಸಹೋದರರನ್ನು ‘ಐದು ಹಂದಿಗಳು’ ಎಂದು ಪದ ಕಟ್ಟಿ ಹಾಡಿದ. ಅವರು ಸುಮ್ಮನಿರಲಿಲ್ಲ. 1898ರ ಅಂದಿಜಾನ್ ದಂಗೆಯಲ್ಲಿ ಅವನ ಹೆಸರನ್ನೂ ಸೇರಿಸಿದರು. ತ್ಸಾರ್ ಸರ್ಕಾರ ಮರಣದಂಡನೆ ಕೊಟ್ಟು, ಆಮೇಲೆ ಸೈಬೀರಿಯಾಕ್ಕೆ ಇಳಿಸಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ. ಊಟಕ್ಕೆ ನಾನು ಕೊಟ್ಟ 100 ಸೊಮ್ ನೋಟಿನ ಮೇಲೆ ಇದ್ದದ್ದು ಅವನದೇ ಮುಖ.

ಸಂಜೆ ಬಜಾರ್-ಕೊರ್ಗೊನ್ ದಾಟಿದೆವು. ಅಜೀಮ್‌ಜಾನ್ ಅಸ್ಕರೊವ್ ಅವರ ಊರು. ಉಜ್ಬೆಕ್ ಸಮುದಾಯದ ಕಲಾವಿದ, ಪೊಲೀಸ್ ಠಾಣೆಯೊಳಗಿನ ಹಿಂಸೆಯ ಬಗ್ಗೆ ಬರೆಯುತ್ತಿದ್ದ ವರದಿಗಾರ. 2010ರ ಜೂನ್‌ನ ಕಿರ್ಗಿಜ್–ಉಜ್ಬೆಕ್ ಗಲಭೆಯಲ್ಲಿ ಪೊಲೀಸನೊಬ್ಬನ ಕೊಲೆಗೆ ಇವರನ್ನು ಸಿಕ್ಕಿಸಿ ಜೀವಾವಧಿ ಶಿಕ್ಷೆ ಕೊಟ್ಟರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2016ರಲ್ಲಿ ಬಿಡಿ ಎಂದಿತು. ಬಿಡಲಿಲ್ಲ. 2020ರ ಜುಲೈ 25ರಂದು ಜೈಲಿನಲ್ಲೇ ತೀರಿಕೊಂಡರು. ಕಿರ್ಗಿಸ್ತಾನ ಹಿಂದೆ ಸ್ವರ್ಗವಾಗಿತ್ತು, ಜಪಾರೊವ್ ಬಂದು ಕೆಡಿಸಿದರು ಎನ್ನುವವರು ಈ ಊರಲ್ಲಿ ಕಾರು ನಿಲ್ಲಿಸಬೇಕು. ನಮ್ಮ ಕಾರು ನಿಲ್ಲಲಿಲ್ಲ. ಚಾಲಕನಿಗೆ ಕತ್ತಲಾಗುವ ಮೊದಲು ಓಶ್ ಸೇರಬೇಕಿತ್ತು.

ಶನಿವಾರ, ಓಶ್

ಊರ ನಡುವೆ ಸುಲೈಮಾನ್-ತೂ ಬೆಟ್ಟ. ಹತ್ತಿ ನೋಡಿದರೆ ಕಿರ್ಗಿಜರ, ಉಜ್ಬೆಕರ ಮೊಹಲ್ಲಾಗಳು ಒಂದರೊಳಗೊಂದು ಹೆಣೆದುಕೊಂಡಿವೆ. 2010ರ ಜೂನ್ 10ರ ರಾತ್ರಿ ಇಲ್ಲಿ ಹೊತ್ತಿದ ಬೆಂಕಿಗೆ ನಾಲ್ಕುನೂರಕ್ಕೂ ಹೆಚ್ಚು ಜನ ಬಲಿಯಾದರು, ಹೆಚ್ಚಿನವರು ಉಜ್ಬೆಕರು. ಆ ರಾತ್ರಿ ಊರೆಲ್ಲ ಹಬ್ಬಿದ್ದು ಒಂದು ವದಂತಿ: ವಿದ್ಯಾರ್ಥಿನಿಯರ ಹಾಸ್ಟೆಲಿಗೆ ನುಗ್ಗಿ ಕಿರ್ಗಿಜ್ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು ಎಂದು. ಅಂಥದ್ದು ನಡೆದಿರಲಿಲ್ಲ. ತನಿಖೆಯಲ್ಲಿ ಅದು ಖಚಿತವಾಗುವಷ್ಟರಲ್ಲಿ ಮೊಹಲ್ಲಾಗಳು ಬೂದಿಯಾಗಿದ್ದವು.

ಆಗ ಓಶ್‌ನಲ್ಲಿ ಉಜ್ಬೆಕ್ ಭಾಷೆಯ ಟಿವಿ ವಾಹಿನಿಗಳಿದ್ದವು, ಓಶ್ ಟಿವಿ ಮತ್ತು ಮೆಜೊನ್. ಗಲಭೆಯ ನಂತರ ಒಂದು ಕೈ ಬದಲಾಯಿಸಿತು, ಇನ್ನೊಂದು ಮುಚ್ಚಿತು. ಅದಕ್ಕೂ ಮೊದಲೇ, 2007ರ ಅಕ್ಟೋಬರ್ 24ರಂದು, ‘ಸಿಯೊಸತ್’ ಎಂಬ ಉಜ್ಬೆಕ್ ಪತ್ರಿಕೆಯ ಸಂಪಾದಕ ಆಲಿಶೇರ್ ಸೈಪೊವ್ ಅವರನ್ನು ಈ ಊರ ಬೀದಿಯಲ್ಲಿ ಗುಂಡಿಟ್ಟು ಕೊಂದಿದ್ದರು. ಅವರಿಗಿನ್ನೂ 26. ಆ ಪತ್ರಿಕೆ ಕದ್ದುಮುಚ್ಚಿ ಗಡಿಯಾಚೆ ಉಜ್ಬೆಕಿಸ್ತಾನಕ್ಕೂ ಹೋಗುತ್ತಿತ್ತು, ಅಲ್ಲಿಯ ಅಧ್ಯಕ್ಷ ಕರೀಮೊವ್ ಅವರನ್ನು ಬಿಡದೆ ಟೀಕಿಸುತ್ತಿತ್ತು. ಹತ್ಯೆಯ ಹಿಂದೆ ಯಾರಿದ್ದರೆಂಬುದು ಇಂದಿಗೂ ಬಯಲಾಗಿಲ್ಲ.

ಜೈಮಾ ಬಜಾರಿನಲ್ಲಿ ಪತ್ರಿಕೆ ಹುಡುಕಿದೆ. ತಂದೂರಿನಿಂದ ತೆಗೆದ ರೊಟ್ಟಿ, ಒಣ ದ್ರಾಕ್ಷಿ, ಅಕ್ರೋಟು ಎಲ್ಲ ಸಿಕ್ಕವು. ಬೀಜ ಮಾರುವ ಅಜ್ಜಿ ನನಗೆ ಕಟ್ಟಿಕೊಟ್ಟ ಪೊಟ್ಟಣ ಸರ್ಕಾರಿ ಪತ್ರಿಕೆಯ ಹಾಳೆಯದು. ಅಧ್ಯಕ್ಷರು ಯಾರದೋ ಕೈಕುಲುಕುತ್ತಿದ್ದರು.

ಭಾನುವಾರ, ಮತ್ತೆ ಬಿಷ್ಕೆಕ್

ಬೆಳಗಿನ ವಿಮಾನಕ್ಕೆ ಬಂದಿಳಿದೆ. ಮುಕ್ಕಾಲು ಗಂಟೆಯ ದಾರಿ. ಮಧ್ಯಾಹ್ನ ಭಾರತೀಯ ಮೆಸ್ ಒಂದರಲ್ಲಿ ಅನ್ನ ಸಾರಿಗೆ ಕೂತಾಗ ಪಕ್ಕದ ಮೇಜಿನಿಂದ ಬಾಗಲಕೋಟೆಯ ಕನ್ನಡ ಕೇಳಿಸಿತು. ನಾಲ್ಕನೇ ವರ್ಷದ ಇಬ್ಬರು ಹುಡುಗರು. ಊರು, ತಾಲ್ಲೂಕು ವಿಚಾರಿಸಿಕೊಂಡ ಮೇಲೆ ಮೇ ತಿಂಗಳ ಮಾತು ತೆಗೆದೆ.

ಮೇ 13ರಂದು ಹಾಸ್ಟೆಲೊಂದರ ಬಳಿ ಸ್ಥಳೀಯರಿಗೂ ವಿದೇಶಿಯರಿಗೂ ಹೊಡೆದಾಟವಾಯಿತು. ನಾಲ್ಕು ದಿನದ ಮೇಲೆ ಅದರ ವಿಡಿಯೊ ಫೋನಿನಿಂದ ಫೋನಿಗೆ ಹರಿದು, 17ರ ರಾತ್ರಿ ಕುರ್ಮಂಜಾನ್ ದಾತ್ಕಾ ಬೀದಿಯಲ್ಲಿ ನೂರಾರು ಯುವಕರು ಸೇರಿದರು. ಹಾಸ್ಟೆಲುಗಳಿಗೆ ನುಗ್ಗಿದರು. ಏಟು ತಿಂದವರಲ್ಲಿ ಪಾಕಿಸ್ತಾನದ ವಿದ್ಯಾರ್ಥಿಗಳು ಬಹಳ.

“ನಾವು ಲೈಟ್ ಆರಿಸಿ, ಬಾಗಲಕ್ಕ ಮಂಚ ಅಡ್ಡ ಇಟ್ಟು ಕುಂತಿದ್ವಿ ಸರ್,” ಎಂದ ದೊಡ್ಡವನು. “ಕೆಳಗ ಗ್ಲಾಸ್ ಒಡಿಯೋ ಸಪ್ಪಳ. ನಮ್ಮವ್ವ ಫೋನ್ ಹಚ್ಚಿ ಅಳಾಕತ್ತಿದ್ಲು. ಮೂರು ಹುಡುಗ್ರು ಸತ್ತಾರಂತಲ್ಲೋ ಅಂದ್ಲು. ನಮಗ ಗೊತ್ತಿಲ್ಲದ್ದು ಆಕೀಗೆ ಹ್ಯಾಂಗ ಗೊತ್ತಾತು ಅಂತ ನಾವೂ ಹೆದರಿದ್ವಿ.”

ಯಾರೂ ಸತ್ತಿರಲಿಲ್ಲ. ಸತ್ತರೆಂಬ ಮಾತು ವಾಟ್ಸಾಪಿನಲ್ಲಿ ಲಾಹೋರ್ ಸುತ್ತಿ ಬಾಗಲಕೋಟೆ ಮುಟ್ಟಿ ಅದೇ ಹಾಸ್ಟೆಲಿಗೆ ವಾಪಸ್ ಬಂದಿತ್ತು. ಹೊರಗೆ ಕಲ್ಲು ಹಿಡಿದು ನಿಂತವರ ಫೋನಿನಲ್ಲೂ ಅಷ್ಟೇ ಬೆಂದ, ಅಷ್ಟೇ ಬೇಯದ ಸುದ್ದಿ. ಮರುದಿನ ಅಧಿಕಾರಿಗಳ ಮಾತೆಲ್ಲ ಅಕ್ರಮ ವಲಸಿಗರ ಸುತ್ತ ಸುತ್ತಿತು. ಭಾರತೀಯ ರಾಯಭಾರ ಕಚೇರಿ, ಪರಿಸ್ಥಿತಿ ಶಾಂತವಾಗಿದೆ, ಒಳಗೇ ಇರಿ ಎಂದು ಸಹಾಯವಾಣಿ ನಂಬರು ಕೊಟ್ಟಿತು. ಪಾಕಿಸ್ತಾನ ವಿಮಾನ ಕಳಿಸಿ ತನ್ನ ಮಕ್ಕಳನ್ನು ಕರೆಸಿಕೊಂಡಿತು.

ಅದಾದ ಮೇಲೆ ಈ ಹುಡುಗರು ತಮ್ಮ ಕನ್ನಡ ಗುಂಪಿಗೆ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ರಷ್ಯನ್ ಬಲ್ಲ ಸೀನಿಯರ್ ಒಬ್ಬ ಮೊದಲು ಅಜತ್ತಿಕ್ ನೋಡುತ್ತಾನೆ, ಆಮೇಲೆ ‘ಕಾಕ್ಟಸ್’ ತಾಣ, ಆಮೇಲೆ ರಾಯಭಾರ ಕಚೇರಿ. ಮೂರರಲ್ಲಿ ಎರಡು ಕಡೆ ಒಂದೇ ಮಾತಿದ್ದರೆ ಮಾತ್ರ ಗುಂಪಿಗೆ, ಅಲ್ಲಿಂದ ಊರಿಗೆ. ಡೆಸ್ಕಿಗೆ ಹೊಸದಾಗಿ ಬಂದವರಿಗೆ ನಾನು ತಿಂಗಳುಗಟ್ಟಲೆ ಹೇಳಿಕೊಡುತ್ತಿದ್ದ ಪಾಠ ಇದೇ.

“ಮತ್ತ ಸರ್ಕಾರಿ ಟಿವಿ, ಕೆಟಿಆರ್‌ಕೆ? ಅದನ್ನ ನೋಡೂದಿಲ್ಲೇನು?” ಎಂದೆ.

ಸಣ್ಣವನು ಸಾರು ಬಡಿಸಿಕೊಳ್ಳುತ್ತ ಅಂದ: “ಅದ್ರಾಗ ಬರೂ ಹೊತ್ತಿಗೆ ಎಲ್ಲಾ ಶಾಂತ ಆಗಿರ್ತೈತ್ರಿ ಸರ್.”